ಎಣ್ಣೆ ಪಾಠದ ಪಾಡು

ಪಾಠ ಹೇಳಿ ಹೊಟ್ಟೆ ಹೊರೆದವರನ್ನು ಯಾರನ್ನಾದರೂ ಕೇಳಿ ನೋಡಿ, ಒಬ್ಬೊಬ್ಬರಿಗೂ ಒಂದೊಂದು ಪಾಠ ಇರುತ್ತದೆ, ವರ್ಷ ವರ್ಷವೂ ತಪ್ಪದೆ ಮಾನ ಕಳೆಯುವಂಥದ್ದು. ವಿಜ್ಞಾನದವರಿಗೆ ಸಂತಾನೋತ್ಪತ್ತಿ. ಕನ್ನಡದವರಿಗೆ ಹಳಗನ್ನಡ. ನನಗೆ ಎಣ್ಣೆ.

ಆಲೂರು ತಾಲ್ಲೂಕಿನಲ್ಲಿ, ಪಾಳ್ಯದಿಂದ ಇನ್ನೂ ಒಳಗೆ ಹೋಗುವ ಒಂದು ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಟೀಚರ್ ಆಗಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ಸೇರಿದವಳು ಒಂಬತ್ತು ವರ್ಷ ಅಲ್ಲೇ ಕಳೆದೆ. ಮನೆ ಹಾಸನದಲ್ಲಿ. ಬೆಳಿಗ್ಗೆ ಆಲೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ನಮ್ಮ ಒಂಬತ್ತನೇ ಕ್ಲಾಸಿನ ಪುಸ್ತಕದಲ್ಲಿ ಭೂಗೋಳದ ಕೊನೆಗೆ 'ಖನಿಜ ತೈಲ', ಅದರ ಬೆನ್ನಿಗೇ ಅರ್ಥಶಾಸ್ತ್ರದ ಮೊದಲಿಗೆ 'ಬೇಡಿಕೆ ಮತ್ತು ಪೂರೈಕೆ'. ಎರಡೂ ಸೇರಿ ಹನ್ನೊಂದು ಪುಟ. ಆ ಹನ್ನೊಂದು ಪುಟ ದಾಟುವಷ್ಟರಲ್ಲಿ ಪ್ರತಿ ವರ್ಷ ಏನಾದರೊಂದು ಆಗಿಯೇ ತೀರುತ್ತಿತ್ತು.

ನೆಲದೊಳಗಿನ ಎಣ್ಣೆ

ಮೊದಲ ವರ್ಷ. ಬಿ.ಎಡ್. ಮುಗಿಸಿದ ಬಿಸಿ ಇನ್ನೂ ಆರಿರಲಿಲ್ಲ. ಮಕ್ಕಳಿಗೆ ಗೊತ್ತಿರುವುದರಿಂದ ಶುರು ಮಾಡಿ ಗೊತ್ತಿಲ್ಲದ್ದಕ್ಕೆ ಕರೆದುಕೊಂಡು ಹೋಗಬೇಕು ಅಂತ ಅಲ್ಲಿ ಹೇಳಿಕೊಟ್ಟಿದ್ದರು. ಹಾಗಾಗಿ ಪುಸ್ತಕ ಮುಚ್ಚಿಟ್ಟು ಕೇಳಿದೆ. "ಎಣ್ಣೆಯಿಂದ ಏನೇನು ಉಪಯೋಗ? ಒಬ್ಬೊಬ್ಬರು ಒಂದೊಂದು ಹೇಳಿ."

ಕೈಗಳು ಎದ್ದವು. ಒಗ್ಗರಣೆಗೆ. ತಲೆಗೆ. ದೇವರ ದೀಪಕ್ಕೆ. ಕಿರ್ರೆನ್ನುವ ಬಾಗಿಲಿಗೆ. ಹಲಸಿನ ಹಣ್ಣು ಬಿಡಿಸುವಾಗ ಅಂಟದ ಹಾಗೆ ಕೈಗೆ. ಹಸುವಿಗೆ ಹೊಟ್ಟೆ ಉಬ್ಬರಿಸಿದರೆ ಕುಡಿಸೋಕೆ. ತೋಟಕ್ಕೆ ಹೋಗುವಾಗ ಕಾಲಿಗೆ ಹಚ್ಚಿಕೊಂಡರೆ ಜಿಗಣೆ ಹತ್ತಲ್ಲ.

ಎಲ್ಲ ಸರಿ. ಆದರೆ ಪೆಟ್ರೋಲಿಯಂ ಕಡೆಗೆ ಯಾರೂ ಬರಲಿಲ್ಲ. ಸ್ವಲ್ಪ ದಾರಿ ತೋರಿಸೋಣ ಅಂದುಕೊಂಡು, "ಈ ಎಣ್ಣೆ ಅಲ್ಲ ಕಣ್ರೋ. ಇನ್ನೊಂದು ಎಣ್ಣೆ ಇದೆ. ಬೆಂಕಿ ತಾಗಿದರೆ ಭಗ್ ಅನ್ನುತ್ತೆ. ಅದಕ್ಕೋಸ್ಕರ ದೊಡ್ಡ ದೊಡ್ಡವರೇ ಹೊಡೆದಾಡುತ್ತಾರೆ," ಅಂದೆ.

ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಗಂಭೀರವಾಗಿ ಹೇಳಿದ. "ಗೊತ್ತು ಮೇಡಂ. ನಮ್ಮ ದೊಡ್ಡಪ್ಪ ದಿನಾ ಸಂಜೆ ಅದನ್ನೇ ಹಾಕ್ಕೊಂಡು ಬರೋದು."

ಹುಡುಗರೆಲ್ಲ ಬೆಂಚಿನ ಕೆಳಗೆ ತಲೆ ಹಾಕಿ ನಕ್ಕರು. ನಾನು ಡಸ್ಟರಿನಿಂದ ಟೇಬಲ್ ಕುಟ್ಟಿದೆ. "ಕುಡಿಯೋದಲ್ಲ. ಮರದಿಂದ ಬರೋದಲ್ಲ. ಭೂಮಿಯ ಒಳಗಡೆ ಇರುತ್ತೆ. ನೆಲ ಅಗೆದು ತೆಗೀಬೇಕು. ಈಗ ಹೇಳಿ, ನೆಲದ ಒಳಗಿಂದ ಬರೋ ಎಣ್ಣೆ ಯಾವುದು?"

ಕ್ಲಾಸಿಗೇ ಫಸ್ಟ್ ಬರುವ ಹುಡುಗಿ, ನಾನು ನಂಬಿಕೊಂಡಿದ್ದವಳು, ಎದ್ದು ನಿಂತಳು. "ಕಡ್ಲೆಕಾಯಿ ಎಣ್ಣೆ ಮೇಡಂ."

ತಪ್ಪು ಅನ್ನೋಣ ಅಂತ ಬಾಯಿ ತೆರೆದೆ. ಯಾಕೆ ತಪ್ಪು ಅನ್ನುವುದು ನನಗೂ ತಕ್ಷಣ ಹೊಳೆಯಲಿಲ್ಲ.

ಹುಣಸೆಬೀಜದ ಕಾಲ

ಬೇಡಿಕೆ ಪೂರೈಕೆಯನ್ನು ಬರೀ ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಹೇಳಿದರೆ ಮಕ್ಕಳು ಅದನ್ನು ಗಾಳಿಪಟದ ಕಡ್ಡಿ ಅಂದುಕೊಳ್ಳುತ್ತಾರೆ. ಒಂದು ವರ್ಷ ನಾನೇ ಹುರುಪಿನಿಂದ ಕ್ಲಾಸಿನಲ್ಲಿ ಸಂತೆ ಮಾಡಿದೆ. ಹಾಸನದಿಂದ ಇಪ್ಪತ್ತು ಪೆಪ್ಪರ್‌ಮೆಂಟು ತಂದೆ. ಕ್ಲಾಸಿನಲ್ಲಿ ನಲವತ್ತು ಮಕ್ಕಳು. ತಲೆಗೆ ಐದರಂತೆ ಹುಣಸೆಬೀಜ ಹಂಚಿ, ಇದೇ ನಿಮ್ಮ ದುಡ್ಡು, ಕೂಗಿ ಕೊಂಡುಕೊಳ್ಳಿ ಅಂದೆ.

ಅವತ್ತು ಪಾಠ ಎಷ್ಟು ಚೆನ್ನಾಗಿ ಆಯಿತೆಂದರೆ ನನಗೇ ನನ್ನ ಮೇಲೆ ಗೌರವ ಬಂತು. ಪೆಪ್ಪರ್‌ಮೆಂಟು ಕಮ್ಮಿ, ಕೊಳ್ಳುವವರು ಜಾಸ್ತಿ, ಬೆಲೆ ಏರಿತು. ಇಬ್ಬಿಬ್ಬರು ಸೇರಿ ಹತ್ತು ಬೀಜಕ್ಕೆ ಒಂದು ಕೊಂಡು ಕಚ್ಚಿ ಹಂಚಿಕೊಂಡರು. ಕಿಟಕಿಯಲ್ಲಿ ನಿಂತು ನೋಡಿದ ಹೆಡ್‌ಮಾಸ್ಟರು, "ನಾಳೆ ನಾನೂ ಬಂದು ಕೂರ್ತೀನಿ, ಇನ್ನೊಂದು ಸಲ ಮಾಡಿ ಮೇಡಂ," ಅಂದರು. ಅವರು ಹಾಗೆಲ್ಲ ಹೊಗಳುವವರಲ್ಲ. ನಾನು ಮತ್ತೆ ಇಪ್ಪತ್ತು ತಂದೆ.

ನಾಳೆ ಮಾಡುತ್ತೇವೆ ಅಂತ ಮಕ್ಕಳಿಗೆ ಮೊದಲೇ ಹೇಳಿದ್ದೇ ತಪ್ಪಾಯಿತು. ನಮ್ಮ ಕಡೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆದು ಮೂಲೆಗೆ ಸುರಿಯದ ಮನೆ ಯಾವುದಿದೆ? ಮರುದಿನ ಒಬ್ಬೊಬ್ಬನ ಚಡ್ಡಿ ಜೇಬೂ ಊದಿಕೊಂಡಿತ್ತು. ಹುಡುಗಿಯರು ಊಟದ ಡಬ್ಬಿಯಲ್ಲಿ ತಂದಿದ್ದರು. ಒಬ್ಬ ಗೊಬ್ಬರದ ಚೀಲವನ್ನೇ ಹೆಗಲ ಮೇಲೆ ಹೊತ್ತು ಬಂದಿದ್ದ.

ಮೊದಲನೇ ಪೆಪ್ಪರ್‌ಮೆಂಟು ಐವತ್ತಕ್ಕೆ ಹೋಯಿತು. ಎರಡನೆಯದು ಇನ್ನೂರಕ್ಕೆ. ಆಮೇಲೆ ಎಣಿಸುವುದನ್ನೇ ಬಿಟ್ಟು ಡಬ್ಬಿ ಮುಚ್ಚಳದಲ್ಲಿ ಅಳೆಯತೊಡಗಿದರು. ಕೊನೆಗೆ ಚೀಲದವನು, ಉಳಿದದ್ದೆಲ್ಲ ನನಗೇ ಅಂತ ಚೀಲವನ್ನು ನನ್ನ ಟೇಬಲ್ ಮೇಲೆ ಬೋರಲು ಹಾಕಿದ. ಬೀಜ ಹರಿದು ಹೆಡ್‌ಮಾಸ್ಟರ ಕಾಲಿನ ತನಕ ಹೋಯಿತು. ಅವರು ಕಾಲೆತ್ತಿ, "ಇದೇನ್ರೀ ಮೇಡಂ, ಪಾಠ ಅಂದ್ರೆ ಮಂಡಿ ಇಟ್ಟಿದ್ದೀರಲ್ಲ," ಅಂದರು.

"ಸರ್, ಇದು ಹಣದುಬ್ಬರ," ಅಂದೆ.

"ಅದು ಹತ್ತನೇ ಕ್ಲಾಸಿಂದು."

ಪೀರಿಯಡ್ ಮುಗಿದ ಮೇಲೆ ಚೀಲದವನನ್ನು ನಿಲ್ಲಿಸಿ, ಇದರಿಂದ ನೀನು ಏನು ಕಲಿತೆ ಹೇಳು ಅಂತ ಗದರಿದೆ. ಅವನು ಬಾಯಲ್ಲಿ ಪೆಪ್ಪರ್‌ಮೆಂಟು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿಕೊಂಡು ಹೇಳಿದ. "ನೀವು ಮೋಸ ಹೋದ್ರಿ ಮೇಡಂ. ನಿಮ್ಮತ್ರ ಈಗ ಬರೀ ಬೀಜ ಐತೆ."

ಮಾರನಹಳ್ಳಿಯ ನಿಕ್ಷೇಪ

ಚಿಕ್ಕಮ್ಮನ ಮನೆಯಲ್ಲಿ ಇದ್ದುಕೊಂಡು ಓದುವ ಹುಡುಗಿ ಒಬ್ಬಳಿದ್ದಳು. ಅವಳ ಸ್ವಂತ ಊರು ಮಾರನಹಳ್ಳಿ ಕಡೆ, ಶಿರಾಡಿ ಘಾಟಿಯ ನೆತ್ತಿಯಲ್ಲಿ. ಕಿರುಪರೀಕ್ಷೆಯಲ್ಲಿ, ನಮ್ಮ ದೇಶದಲ್ಲಿ ತೈಲ ದೊರೆಯುವ ನಾಲ್ಕು ಸ್ಥಳಗಳನ್ನು ಹೆಸರಿಸಿ ಅಂತ ಕೇಳಿದ್ದೆ. ಅವಳು ಬರೆದಿದ್ದಳು: ಅಸ್ಸಾಂ, ಗುಜರಾತ್, ಬಾಂಬೆ ಹೈ, ಮಾರನಹಳ್ಳಿ ಕೆಳಗಿನ ತಿರುವು.

ಕೊನೆಯದಕ್ಕೆ ತಪ್ಪು ಹಾಕಿದೆ. ಪೇಪರ್ ಕೊಟ್ಟ ತಕ್ಷಣ ಟೇಬಲ್ ಹತ್ತಿರ ಬಂದಳು.

"ಮೇಡಂ, ಇದ್ಯಾಕೆ ತಪ್ಪು? ಹೋದ ವರ್ಷ ಮಂಗಳೂರಿಂದ ಬರ್ತಿದ್ದ ಟ್ಯಾಂಕರ್ ಅಲ್ಲೇ ಮಗುಚ್ತು. ಊರಿಗೆ ಊರೇ ತುಂಬ್ಕೊಂಡ್ವಿ."

"ಡ್ರೈವರ್‌ಗೆ ಏನಾಯ್ತೇ?"

"ಏನೂ ಆಗ್ಲಿಲ್ಲ. ಅವ್ನೂ ಒಂದು ಕ್ಯಾನು ತುಂಬ್ಕೊಂಡ."

ಯಾವ ಎಣ್ಣೆ ಅಂತ ವಿಚಾರಿಸಿದರೆ ತಾಳೆ ಎಣ್ಣೆ. ಅದು ಖನಿಜ ಅಲ್ಲ, ಮರದ್ದು, ಹಾಗಾಗಿ ಉತ್ತರ ತಪ್ಪು ಅಂದೆ. ಅವಳು ಜಗ್ಗಲಿಲ್ಲ. "ಪ್ರಶ್ನೇಲಿ ತೈಲ ಅಂತ ಮಾತ್ರ ಐತೆ ಮೇಡಂ." ನೋಡಿದೆ. ಹೌದು, ಖನಿಜ ಅನ್ನುವ ಪದ ನಾನೇ ಬಿಟ್ಟಿದ್ದೆ.

ಅವಳನ್ನು ಸೋಲಿಸಲೇಬೇಕು ಅನ್ನಿಸಿತು. "ಸರಿ, ಹಾಗಾದರೆ ಹೇಳು. ಪೂರೈಕೆ ಅಷ್ಟು ಜಾಸ್ತಿ ಆದಾಗ ಎಣ್ಣೆ ಬೆಲೆ ಏನಾಯ್ತು?"

"ಎಣ್ಣೆಗೆ ರೇಟೇ ಇರ್ಲಿಲ್ಲ. ಪ್ಲಾಸ್ಟಿಕ್ ಬಿಂದಿಗೆಗೆ ರೇಟ್ ಬಂತು. ಅಂಗಡಿಯವ್ನು ದಿನಾ ಕೊಡೋ ರೇಟಿಗೆ ಮೂರರಷ್ಟು ಹೇಳ್ದ. ಮಧ್ಯಾಹ್ನ ಆದ್ಮೇಲೆ ಎಷ್ಟು ದುಡ್ಡು ಕೊಡ್ತೀನಿ ಅಂದ್ರೂ ಬಿಂದಿಗೆ ಇಲ್ಲ."

ಒಂದು ವಸ್ತುವಿನ ಜೊತೆಗೆ ಇನ್ನೊಂದಕ್ಕೂ ಬೇಡಿಕೆ ಬರುತ್ತದೆ ಅನ್ನುವುದನ್ನು, ಕಾರು ಮತ್ತು ಪೆಟ್ರೋಲಿನ ಉದಾಹರಣೆ ಕೊಟ್ಟು, ಒಂದು ಮನೆಯಲ್ಲೂ ಕಾರಿಲ್ಲದ ಮಕ್ಕಳಿಗೆ ನಾನು ಮೂರು ಪೀರಿಯಡ್ ಹೇಳಿದ್ದೆ. ಯಾರ ತಲೆಗೂ ಹೋಗಿರಲಿಲ್ಲ. ಇವಳು ಒಂದೇ ಮಾತಿನಲ್ಲಿ ಮುಗಿಸಿದಳು. ಸೋತು ಮಾರ್ಕು ಹಾಕಿದೆ. ಆದರೂ ಟೀಚರ್ ಅಲ್ಲವೇ, ಕೊನೆಯದಾಗಿ ಒಂದು ಕೇಳಿದೆ. "ಬಿಂದಿಗೆ ಆದ ಮೇಲೆ ಇನ್ನು ಯಾವುದಕ್ಕಾದರೂ ಬೇಡಿಕೆ ಬಂತಾ?"

ಅವಳು ಯೋಚಿಸಿದಳು. "ಒಂದು ವಾರ ಎಲ್ಲರ ಮನೇಲೂ ಬರೀ ಪೂರಿ, ಬೋಂಡ. ಆಮೇಲೆ ಆಸ್ಪತ್ರೇಲಿ ಹೊಟ್ಟೆನೋವಿನ ಮಾತ್ರೆಗೆ ಬಂತು ಮೇಡಂ."

ಹತ್ತಿಕೊಳ್ಳುವ ಮುಖ

ಪೆಟ್ರೋಲಿಯಂ ಅಂದರೆ ಬರೀ ಬಸ್ಸು ಲಾರಿ ಅಲ್ಲ, ಟಾರು, ಮೇಣದಬತ್ತಿ, ಪ್ಲಾಸ್ಟಿಕ್ಕು, ಚಳಿಗಾಲದಲ್ಲಿ ನೀವು ಮುಖಕ್ಕೆ ತುಟಿಗೆ ಹಚ್ಚುವ ಆ ಬಿಳಿ ಜೆಲ್ಲಿ ಕೂಡ ಅದರಿಂದಲೇ ಬರುವುದು ಅಂತ ಒಂದು ಡಿಸೆಂಬರಿನಲ್ಲಿ ಹೇಳಿದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಇಷ್ಟು ಗಮನ ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು.

ಮೂರನೇ ದಿನ ಒಬ್ಬ ಹುಡುಗಿಯ ಅಜ್ಜಿ ಶಾಲೆಗೆ ಬಂದರು. ಕೂರಿ ಅಂದರೂ ಕೂರಲಿಲ್ಲ.

"ಮೇಡಮ್ಮೋರೆ, ಮುಖಕ್ಕೆ ಹಚ್ಚೋದ್ರಲ್ಲಿ ಪೆಟ್ರೋಲ್ ಐತೆ ಅಂದ್ರಂತೆ ನೀವು."

"ಪೆಟ್ರೋಲ್ ಅಲ್ಲಮ್ಮ, ಪೆಟ್ರೋಲಿಯಂ. ಅದು ಬೇರೆ."

"ಅದೇನೋ ನಂಗೆ ತಿಳೀದು. ಮೂರು ದಿನದಿಂದ ಮೊಮ್ಮಗಳು ಒಲೆ ಮುಂದೆ ಬರ್ತಿಲ್ಲ. ಹತ್ಕೊಂಡ್ಬುಡ್ತೀನಿ ಅಂತಾಳೆ. ರೊಟ್ಟಿ ನಾನೇ ತಟ್ಟಬೇಕು, ನೀರೊಲೆಗೆ ಸೌದೆ ನಾನೇ ಇಕ್ಕಬೇಕು. ನನ್ನ ಮಂಡಿ ನೋಡಿ ಹೆಂಗೆ ಊದ್ಕೊಂಡೈತೆ."

ಅವರ ಮಂಡಿ ನಿಜವಾಗಿಯೂ ಊದಿತ್ತು. ನನಗೆ ಪಾಪ ಅನ್ನಿಸಿತು. ಅರ್ಧ ಗಂಟೆ ನಿಂತು, ಆ ಜೆಲ್ಲಿ ಹಚ್ಚಿಕೊಂಡು ಒಲೆ ಮುಂದೆ ಕೂತರೆ ಏನೂ ಆಗುವುದಿಲ್ಲ, ಹಾಸನದಲ್ಲಿ ನಾನೂ ಹಚ್ಚಿಕೊಂಡೇ ಅಡುಗೆ ಮಾಡುವುದು ಅಂತ ಬಿಡಿಸಿ ಹೇಳಿ ಕಳಿಸಿದೆ. ಆಮೇಲೆ ಹುಡುಗಿಯನ್ನು ಕರೆದೆ.

"ಅಷ್ಟು ಸುಲಭಕ್ಕೆ ಹತ್ತಿಕೊಳ್ಳಲ್ಲ ಅಂತ ನಿನಗೆ ಗೊತ್ತಿಲ್ವೇನೇ?"

"ಗೊತ್ತು ಮೇಡಂ."

"ಮತ್ತೆ?"

ನೆಲ ನೋಡಿಕೊಂಡು ಮೆಲ್ಲಗೆ ಹೇಳಿದಳು. "ನೀವು ಅಜ್ಜಿಗೆ ಹೇಳೋ ತನಕ ಇಡೀ ಕ್ಲಾಸಿನ ಹುಡುಗೀರು ಯಾರೂ ರೊಟ್ಟಿ ತಟ್ತಿರ್ಲಿಲ್ಲ."

ನಲವತ್ತು ನೋಟ್‌ಬುಕ್ಕು

ಇದು ನನ್ನ ನೌಕರಿಗೇ ಬಂದಿದ್ದ ಸಂಗತಿ. ಆಗ ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತು, ಮಕ್ಕಳಿಂದ ಪ್ರಾಜೆಕ್ಟ್ ಮಾಡಿಸಿ ಅಂತ. ನಾನು ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದೆ. ನಮ್ಮೂರಿಗೆ ಈ ತಿಂಗಳು ಸೀಮೆಎಣ್ಣೆ ಎಷ್ಟು ಬಂತು? ಎಷ್ಟು ಮನೆಗೆ ಕೊಟ್ಟರು? ಉಳಿದದ್ದು ಎಷ್ಟು? ಡಿಪೋದಲ್ಲಿ ವಿಚಾರಿಸಿ ಬರೆದುಕೊಂಡು ಬನ್ನಿ ಅಂದೆ. ಸುಲಭದ ಕೆಲಸ ಅಂತ ನಾನು ತಿಳಿದಿದ್ದೆ.

ಡಿಪೋ ಅಂದರೆ ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಕೊಡುವ ರೇಷನ್ ಅಂಗಡಿ. ಅದು ತಿಂಗಳಿಗೆ ಎರಡು ದಿನ ತೆರೆಯುವುದು, ಅದರಲ್ಲೂ ಮಧ್ಯಾಹ್ನದ ಹೊತ್ತಿಗೆ ಸೀಮೆಎಣ್ಣೆ ಮುಗೀತು ಅಂತ ಬಾಗಿಲು ಹಾಕುವುದು ಊರಿಗೆಲ್ಲ ಗೊತ್ತು. ಹಾಸನಕ್ಕೆ ಹೋಗಿ ಬರುವ ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಮಕ್ಕಳು ಒಟ್ಟಿಗೆ ಹೋಗಿ ಒಂದೇ ಸಲ ಕೇಳಿದ್ದರೆ ಆಗಿತ್ತು. ಕಾಪಿ ಹೊಡೆದರೆ ಮಾರ್ಕಿಲ್ಲ ಅಂತ ನಾನು ಹೆದರಿಸಿದ್ದರಿಂದ ಒಬ್ಬೊಬ್ಬರಾಗಿ ಡಿಪೋದವನ ಮನೆ ಬಾಗಿಲಿಗೇ ಹೋದರು. ಸಂಜೆ ನಾಲ್ಕೂವರೆಗೆ ಮೊದಲನೆಯವನು. ಅವನ ಬೆನ್ನಿಗೆ ಇನ್ನೊಬ್ಬಳು. ಹಾಗೆ ನಲವತ್ತು ಜನ, ನಲವತ್ತು ನೋಟ್‌ಬುಕ್ಕು, ಅವೇ ಮೂರು ಪ್ರಶ್ನೆ.

ಮರುದಿನ ನೋಟ್‌ಬುಕ್ಕು ನೋಡಿದೆ. ಮೊದಲ ಐದಾರು ಜನ, ಈ ತಿಂಗಳು ಬಂದೇ ಇಲ್ಲ ಅಂತ ಬರೆದಿದ್ದರು. ಆಮೇಲಿನವರಲ್ಲಿ ಒಂದು ಡ್ರಮ್ಮು. ಇನ್ನೂ ಆಮೇಲೆ ಎರಡು, ಎರಡೂವರೆ, ಮೂರು. ಒಬ್ಬ ಹುಡುಗ ನೀಟಾಗಿ ಸ್ಕೇಲಿನಲ್ಲಿ ಗೆರೆ ಹೊಡೆದು ಬರೆದಿದ್ದ. 'ಪೂರೈಕೆ: ನಿಮ್ಮಪ್ಪನಿಗೆ ಹೇಳ್ತೀನಿ ಇರು.'

"ಇದೇನೋ ಹೀಗೆ ಬರೆದಿದ್ದೀಯ?"

"ಅವ್ರು ಹೇಳಿದ್ದೇ ಬರ್ಕೊಂಡಿದ್ದೀನಿ ಮೇಡಂ. ನಾನು ಕಾಪಿ ಹೊಡೆದಿಲ್ಲ."

ಅಷ್ಟರಲ್ಲಿ ಹೆಡ್‌ಮಾಸ್ಟರು ಕರೆಸಿದರು. ಡಿಪೋದವನು ಬೆಳಿಗ್ಗೆಯೇ ಅವರ ಮನೆಗೆ ಹೇಳಿ ಕಳಿಸಿದ್ದನಂತೆ. ಮಕ್ಕಳನ್ನು ಛೂ ಬಿಟ್ಟು ನನ್ನ ಲೆಕ್ಕ ತೆಗೆಸ್ತಿರೋ ಆ ಮೇಡಂನ ತಿಂಗಳೊಳಗೆ ಬೇರೆ ಜಿಲ್ಲೆಗೆ ಎತ್ತಿಸ್ತೀನಿ, ನನಗೂ ಜನ ಇದ್ದಾರೆ ಅಂತ.

"ಅವನಿಗೆ ಜನ ಇರೋದು ನಿಜ ಕಣ್ರೀ," ಅಂದರು ಹೆಡ್‌ಮಾಸ್ಟರು. "ನಿಮಗ್ಯಾಕೆ ಬೇಕಿತ್ತು ಇದು? ಬಟ್ಟೆ ಮೇಲೆ ಪ್ರಾಜೆಕ್ಟ್ ಮಾಡಿಸ್ಬಾರ್ದಿತ್ತಾ, ಎಲೆ ಅಂಟಿಸೋದು ಮಾಡಿಸ್ಬಾರ್ದಿತ್ತಾ?"

ಮಗಳನ್ನು ಆ ವರ್ಷವಷ್ಟೇ ಹಾಸನದಲ್ಲಿ ಒಂದನೇ ಕ್ಲಾಸಿಗೆ ಸೇರಿಸಿದ್ದೆ. ಅತ್ತೆಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಬೇರೆ ಜಿಲ್ಲೆ ಅಂದರೆ ಕೆಲಸ ಬಿಡುವುದೊಂದೇ ದಾರಿ. ಹೆಡ್‌ಮಾಸ್ಟರು ಹೇಳಿದ ಹಾಗೆ ಒಂದು ಪತ್ರ ಬರೆದೆ. ತಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಬೇಕು, ಇದು ಬರೀ ಪಾಠ, ಬೇರೆ ಉದ್ದೇಶವಿಲ್ಲ ಅಂತ. ಶಾಲೆ ಬಿಟ್ಟ ಮೇಲೆ ಇಬ್ಬರೂ ನಡೆದುಕೊಂಡು ಡಿಪೋ ಕಡೆ ಹೊರಟೆವು. ದಾರಿಯುದ್ದಕ್ಕೂ ನಾನು, ಏನು ಬೈದರೂ ಎದುರು ಮಾತಾಡಬಾರದು ಅಂತ ನನಗೆ ನಾನೇ ಹೇಳಿಕೊಂಡೆ.

ಹೋಗಿ ನೋಡಿದರೆ ಅಂಗಡಿಯ ಬಾಗಿಲು ಹಾರು ಹೊಡೆದಿದೆ. ಕ್ಯಾನು ಹಿಡಿದ ಹೆಂಗಸರ ಸಾಲು ಅರಳಿಕಟ್ಟೆಯ ತನಕ ಬಂದಿದೆ. ಡಿಪೋದವನು ಬೆವರು ಒರೆಸಿಕೊಳ್ಳುತ್ತ ಒಬ್ಬೊಬ್ಬರಿಗೂ ತುಂಬು ಅಳತೆ ಹಾಕಿ, ಮೇಲೆ ಒಂದು ತೊಟ್ಟು ಜಾಸ್ತಿ ಬಿಡುತ್ತಿದ್ದಾನೆ. ನನ್ನನ್ನು ಕಂಡಿದ್ದೇ ಎದ್ದು, ಕೂತಿದ್ದ ಕುರ್ಚಿಯನ್ನೇ ಒರೆಸಿ ಮುಂದಿಟ್ಟ.

"ಬನ್ನಿ ಮೇಡಂ, ಕೂತ್ಕೊಳ್ಳಿ. ನೀವೇ ಬಂದ್ರಲ್ಲ, ಒಳ್ಳೇದಾಯ್ತು. ರಿಜಿಸ್ಟರ್ ನೋಡ್ಬುಡಿ. ಎಲ್ಲ ಕರೆಕ್ಟಾಗೈತೆ."

ನಾನು ಪತ್ರ ಹಿಡಿದ ಕೈ ಮುಂದೆ ಚಾಚಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. "ನೋಟೀಸ್ ಎಲ್ಲ ಯಾಕೆ ಮೇಡಂ, ನಾವೆಲ್ಲ ಒಂದೇ ಊರಲ್ಲಿರೋರು." ಹೆಡ್‌ಮಾಸ್ಟರು ನನ್ನ ಕೈಯಿಂದ ಪತ್ರ ಕಿತ್ತುಕೊಂಡು ಜೇಬಿಗಿಟ್ಟುಕೊಂಡರು. ಅವರಿಗೆ ವಿಷಯ ನನಗಿಂತ ಮೊದಲೇ ಅರ್ಥವಾಗಿತ್ತು.

ಆಗಿದ್ದು ಇಷ್ಟು. ಹಿಂದಿನ ದಿನ ಜ್ವರ ಬಂದು ಹೋಗಲಾಗದ ನಲವತ್ತೊಂದನೆಯ ಹುಡುಗಿ ಅವತ್ತು ಮಧ್ಯಾಹ್ನ ಡಿಪೋದವನ ಹತ್ತಿರ ಹೋಗಿದ್ದಳು. ಅವನು ಅವಳನ್ನು ಕೂರಿಸಿಕೊಂಡು ಬಾಳೆಹಣ್ಣು ಕೊಟ್ಟು ಕೇಳಿದ್ದ. "ಈ ಪುಸ್ತಕ ಎಲ್ಲ ಎಲ್ಲಿಗೆ ಹೋಗ್ತಾವವ್ವ?"

"ಹಾಸನಕ್ಕೆ," ಅಂದಿದ್ದಳು. ಸುಳ್ಳೇನಲ್ಲ. ತಿದ್ದುವುದಕ್ಕೆ ನಾನು ಎಲ್ಲವನ್ನೂ ಮನೆಗೇ ಒಯ್ಯುತ್ತಿದ್ದೆ. ಅವನ ಲೆಕ್ಕದಲ್ಲಿ ಹಾಸನ ಅಂದರೆ ಜಿಲ್ಲಾ ಕಚೇರಿ.

"ಅಲ್ಲಿ ಏನು ಮಾಡ್ತಾರೆ?"

"ಒಂದೊಂದೂ ಓದಿ, ಎಲ್ಲಿ ತಪ್ಪೈತೋ ಅಲ್ಲಿ ಕೆಂಪು ಇಂಕಲ್ಲಿ ಸುತ್ತು ಹಾಕ್ತಾರೆ. ಆಮೇಲೆ ಕರೆಸ್ತಾರೆ."

ನಾನು ರಿಜಿಸ್ಟರ್ ಮುಟ್ಟಲಿಲ್ಲ. ಇದು ಬರೀ ಒಂಬತ್ತನೇ ಕ್ಲಾಸಿನ ಪಾಠ ಅಂತ ಹೇಳಲು ನೋಡಿದೆ. ಹೆಡ್‌ಮಾಸ್ಟರು ಕಾಲು ತುಳಿದರು. ಇಬ್ಬರೂ ವಾಪಸ್ ಹೊರಟೆವು. ಪುಸ್ತಕದ ಪ್ರಕಾರ ಪೂರೈಕೆ ಹೆಚ್ಚಾಗಲು ನಾಲ್ಕು ಕಾರಣ ಇವೆ. ನಲವತ್ತು ನೋಟ್‌ಬುಕ್ಕು ಅನ್ನುವುದು ಅದರಲ್ಲಿ ಇಲ್ಲ. ಇನ್ನು ಇದನ್ನು ಮಕ್ಕಳಿಗೆ ಹೇಗೆ ಹೇಳುವುದು, ಪರೀಕ್ಷೆಯಲ್ಲಿ ಇದನ್ನೇ ಬರೆದರೆ ಏನು ಮಾಡುವುದು ಅಂತ ತಲೆ ಚಚ್ಚಿಕೊಳ್ಳುತ್ತ ಸಾಲಿನ ಪಕ್ಕದಲ್ಲಿ ಬರುತ್ತಿದ್ದೆ.

ಸಾಲಿನ ಕೊನೆಯಲ್ಲಿ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನ ಸೆರಗು ಹಿಡಿದು ನಿಲ್ಲಿಸಿದರು. ಎರಡು ಕ್ಯಾನು ಕೆಳಗಿಟ್ಟು, ಯಾರಿಗೂ ಕೇಳದ ಹಾಗೆ ಕಿವಿಯ ಹತ್ತಿರ ಬಂದು ಕೇಳಿದರು.

"ಮೇಡಮ್ಮೋರೆ, ಸಕ್ಕರೆ ಪಾಠ ಯಾವಾಗ ಇಟ್ಕೊಂಡಿದ್ದೀರ?"